ಸದ್ದಿಲ್ಲದ ಚಿತ್ರ, ಕೇಳಿಸುವ ಸಂಗೀತ



ಸಂಗೀತೋತ್ಸವದ ಒಂದು ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿ. ಅದರಲ್ಲಿ ಹಾಡುಗಾರರಿದ್ದಾರೆ, ವಾದ್ಯಗಳಿವೆ, ಸಾವಿರಾರು ಕೇಳುಗರಿದ್ದಾರೆ. ಇಲ್ಲದಿರುವುದು ಸಂಗೀತ ಒಂದೇ! ಆದರೂ ಕೆಲವು ಚಿತ್ರಗಳನ್ನು ನೋಡಿದಾಗ ನಾದ ಕಿವಿಗೆ ಬಿದ್ದಂತೆ ಅನಿಸುತ್ತದೆ. ಇದು ಹೇಗೆ ಸಾಧ್ಯ? ಬಯಲು ಸಂಗೀತೋತ್ಸವಗಳಲ್ಲಿ ದುಡಿಯುವ ಛಾಯಾಗ್ರಾಹಕನ ಮುಂದಿರುವ ಪ್ರಶ್ನೆ ಇದೇ. ಉತ್ತರ ಹುಡುಕಲು ಎರಡು ಪ್ರಸಿದ್ಧ ಉತ್ಸವಗಳನ್ನು ನೆನೆಯೋಣ.

ಮೊದಲನೆಯದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1967ರ ಜೂನ್ 16ರಿಂದ 18ರವರೆಗೆ ನಡೆದ ಮಾಂಟೆರೆ ಉತ್ಸವ. ಕೊನೆಯ ದಿನ ಮಧ್ಯಾಹ್ನ ನಮ್ಮ ಪಂಡಿತ್ ರವಿಶಂಕರ್ ಅವರು ಅಲ್ಲಾ ರಖಾ ಅವರ ತಬಲಾ ಸಾಥಿಯೊಂದಿಗೆ ಸಿತಾರ್ ನುಡಿಸಿದರು. ಅದೇ ರಾತ್ರಿ, ಅದೇ ವೇದಿಕೆಯ ಮೇಲೆ ಜಿಮಿ ಹೆಂಡ್ರಿಕ್ಸ್ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದರು! ವೇದಿಕೆಯ ಅಂಚಿನಲ್ಲಿ ಒಂದು ಕುರ್ಚಿಯ ಮೇಲೆ ನಿಂತಿದ್ದ ಎಡ್ ಕ್ಯಾರಾಫ್ ಎಂಬ ಹುಡುಗ ಆ ಬೆಂಕಿಯ ನಾಲ್ಕು ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದ. ಝಳ ಎಷ್ಟಿತ್ತೆಂದರೆ ಮುಖಕ್ಕೆ ಕ್ಯಾಮೆರಾವನ್ನೇ ಅಡ್ಡ ಹಿಡಿಯಬೇಕಾಯಿತು. ಆಗ ಅವನ ವಯಸ್ಸು 17. ಇನ್ನೂ ಶಾಲೆಯಲ್ಲಿ ಓದುತ್ತಿದ್ದ. ಅದರಲ್ಲಿ ಒಂದು ಚಿತ್ರಕ್ಕೆ ಬಣ್ಣ ಹಾಕಿ ರೋಲಿಂಗ್ ಸ್ಟೋನ್ ಪತ್ರಿಕೆ 1987ರಲ್ಲಿ ಮುಖಪುಟಕ್ಕೆ ಬಳಸಿಕೊಂಡಿತು.

ಇದು ಬರೀ ಅದೃಷ್ಟವೇ? ಅಲ್ಲ. ಆ ಕಾಲದ ಒಂದು ಫಿಲಂ ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳು ಮಾತ್ರ. ಮೂರು ದಿನದ ಉತ್ಸವದಲ್ಲಿ ಕಂಡಕಂಡದ್ದನ್ನೆಲ್ಲ ತೆಗೆಯುತ್ತ ಹೋದವನಿಗೆ ಕೊನೆಯ ಗಳಿಗೆಯಲ್ಲಿ ಫಿಲಂ ಉಳಿಯುವುದಿಲ್ಲ. ಸರಿಯಾದ ಜಾಗ ಹಿಡಿಯುವುದು ಮತ್ತು ಮುಂದೆ ಬರುವುದಕ್ಕಾಗಿ ಉಳಿಸಿಕೊಳ್ಳುವುದು, ಇವೆರಡೂ ಸಿದ್ಧತೆಯ ಭಾಗ. ಇಂದು ಡಿಜಿಟಲ್ ಕ್ಯಾಮೆರಾದಲ್ಲಿ ಸಾವಿರಾರು ಚಿತ್ರ ತೆಗೆಯಬಹುದು, ನಿಜ. ಆದರೆ ಬ್ಯಾಟರಿಗೆ, ಕಣ್ಣಿಗೆ, ಕಾಲಿಗೆ ಮಿತಿ ಇದ್ದೇ ಇದೆ. ಅಲ್ಲದೆ ಅನೇಕ ಉತ್ಸವಗಳಲ್ಲಿ ವೇದಿಕೆಯ ಮುಂದಿನ ಜಾಗದಲ್ಲಿ ಪ್ರತಿ ಕಲಾವಿದರ ಮೊದಲ ಮೂರು ಹಾಡುಗಳಿಗೆ ಮಾತ್ರ ಅವಕಾಶ, ಫ್ಲ್ಯಾಷ್ ಬಳಸುವಂತಿಲ್ಲ. ಅಂದರೆ ಕೈಯಲ್ಲಿರುವುದು ಹತ್ತು-ಹದಿನೈದು ನಿಮಿಷ!

ಫ್ಲ್ಯಾಷ್ ಏಕೆ ಬೇಡ? ಅದು ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ವೇದಿಕೆಯ ಬಣ್ಣದ ಬೆಳಕನ್ನು ಕೊಲ್ಲುತ್ತದೆ. ಅದರ ಬೆಳಕು ಕೆಲವೇ ಮೀಟರ್ ದೂರ ಹೋಗುವುದರಿಂದ ಹಿಂದಿನ ಸಾಲಿನಿಂದ ಹೊಡೆದರೆ ಮುಂದೆ ಕುಳಿತವರ ತಲೆಗಳಷ್ಟೇ ಬೆಳಗುತ್ತವೆ.

ಇರುವ ಬೆಳಕಿನಲ್ಲೇ ಕೆಲಸ ಮಾಡುವುದು ಹೇಗೆ? ಇಲ್ಲಿ ಮೂರು ಅಂಶಗಳನ್ನು ತೂಗಿಸಬೇಕು. ಒಂದು, ಷಟರ್ ವೇಗ. ನಿಂತು ಹಾಡುವವರಿಗೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಕುಣಿಯುವವರಿಗೆ, ಡ್ರಮ್ ಬಾರಿಸುವ ಕೋಲಿಗೆ 500ನೇ ಒಂದು ಭಾಗ ಬೇಕು. ಎರಡು, ಮಸೂರದ ಕಿಂಡಿ ಅಥವಾ ಅಪರ್ಚರ್. ಇದರ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಆದ್ದರಿಂದ ರಾತ್ರಿ ಎಫ್ 2.8ರಂಥ ಮಸೂರಕ್ಕೆ ಬೇಡಿಕೆ. ಮೂರು, ಐಎಸ್ಒ ಎಂಬ ಬೆಳಕಿನ ಸಂವೇದನೆ. ಬಿಸಿಲಿನಲ್ಲಿ 100 ಸಾಕಾದರೆ ರಾತ್ರಿ 1600 ಅಥವಾ 3200ಕ್ಕೆ ಏರಿಸಬೇಕಾದೀತು. ಹೆಚ್ಚಿಸಿದಷ್ಟೂ ಚಿತ್ರ ಮರಳು ಎರಚಿದಂತೆ ಒರಟಾಗುತ್ತದೆ.

ಇನ್ನೊಂದು ಮೋಸವಿದೆ. ಕತ್ತಲ ಹಿನ್ನೆಲೆಯಲ್ಲಿ ಒಂದೇ ಮುಖಕ್ಕೆ ಬೆಳಕು ಬಿದ್ದಾಗ ಕ್ಯಾಮೆರಾದ ಬೆಳಕಿನ ಮಾಪಕ ಇಡೀ ದೃಶ್ಯವನ್ನು ಬೂದು ಬಣ್ಣದ ಸರಾಸರಿಗೆ ತರಲು ಹೊರಡುತ್ತದೆ. ಪರಿಣಾಮ? ಕತ್ತಲು ಬೂದಿಯಾಗುತ್ತದೆ, ಮುಖ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಅನುಭವಿಗಳು ಮುಖವನ್ನಷ್ಟೇ ಅಳೆಯುತ್ತಾರೆ, ಇಲ್ಲವೆ ಮಾಪಕ ಹೇಳಿದ್ದಕ್ಕಿಂತ ಒಂದೆರಡು ಹಂತ ಬೆಳಕನ್ನು ಇಳಿಸುತ್ತಾರೆ.

ಆದರೆ ಈ ಲೆಕ್ಕವೆಲ್ಲ ಸರಿಯಾದ ಮಾತ್ರಕ್ಕೆ ಚಿತ್ರ ಹಾಡುವುದಿಲ್ಲ. ಅದಕ್ಕೆ ಕಿವಿ ಬೇಕು. ಪಲ್ಲವಿ ಮತ್ತೆ ಯಾವಾಗ ಬರುತ್ತದೆ, ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದನ್ನು ಕೇಳಿಸಿಕೊಂಡವನಿಗೆ ಮೈಕಿನಿಂದ ಮುಖ ಹಿಂದೆ ಸರಿಯುವ ಕ್ಷಣ ಮೊದಲೇ ತಿಳಿಯುತ್ತದೆ. ನಮ್ಮ ಕಛೇರಿಯನ್ನೇ ನೋಡಿ. ತನಿಯಾವರ್ತನ ಮುಗಿಯುವ ಹೊತ್ತಿಗೆ ಗಾಯಕರೂ ಮೃದಂಗದವರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರಲ್ಲ, ತಾಳ ಗೊತ್ತಿದ್ದವನು ಅದಕ್ಕೆ ಕಾದಿರುತ್ತಾನೆ. ಗೊತ್ತಿಲ್ಲದವನು ಆಗ ಚೀಲದಲ್ಲಿ ಮಸೂರ ಹುಡುಕುತ್ತಿರುತ್ತಾನೆ.

ಆ ಕಿವಿಯನ್ನು ಕಾಪಾಡಿಕೊಳ್ಳಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಎಂಬುದು ಅಮೆರಿಕದ ಕಾರ್ಮಿಕ ಆರೋಗ್ಯ ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ರಾಕ್ ಸಂಗೀತದ ಧ್ವನಿವರ್ಧಕದ ಮುಂದೆ ಈ ಮಟ್ಟ ಅಪರೂಪವಲ್ಲ. ಒಮ್ಮೆ ಹೀಗೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಕಿವಿಗೆ ಬಿರಡೆ ಹಾಕಿಕೊಳ್ಳುವುದು ನಾಚಿಕೆಯ ವಿಷಯವಲ್ಲ.

ಈಗ ಎರಡನೆಯ ಉತ್ಸವಕ್ಕೆ ಬರೋಣ. 1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ ಒಂದು ಹೈನುಗಾರಿಕೆಯ ಹೊಲದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. ಸುಮಾರು ನಾಲ್ಕು ಲಕ್ಷ ಜನ, ಮಳೆ, ಕೆಸರು. ಅಲ್ಲೂ ರವಿಶಂಕರ್ ಮಳೆಯ ನಡುವೆಯೇ ನುಡಿಸಿದರು. ಕೆಸರಿನಲ್ಲಿ ಬಿದ್ದುಕೊಂಡಿದ್ದ ಜನರನ್ನು ಕಂಡು ನಮ್ಮೂರ ಎಮ್ಮೆಗಳು ನೆನಪಾದವು ಎಂದು ಅವರು ಮುಂದೆ ಹೇಳಿದ್ದುಂಟು! ಈ ಉತ್ಸವದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದರಲ್ಲಿ ಒಬ್ಬ ಕಲಾವಿದರೂ ಇಲ್ಲ. ಬರ್ಕ್ ಅಜಲ್ ಎಂಬ ಛಾಯಾಗ್ರಾಹಕ ಬೆಳಗಿನ ಜಾವ ಜನರ ನಡುವೆ ನಡೆದು ಹೋಗುವಾಗ ಒಂದೇ ಕಂಬಳಿ ಹೊದ್ದು ಅಪ್ಪಿಕೊಂಡು ನಿಂತ ಯುವ ಜೋಡಿಯನ್ನು ಕಂಡರು. ಸುತ್ತ ನಿದ್ದೆಹೋದ ಜನ. ಆ ಚಿತ್ರ 1970ರಲ್ಲಿ ವುಡ್‌ಸ್ಟಾಕ್ ಧ್ವನಿಮುದ್ರಿಕೆಯ ಹೊದಿಕೆಯಾಯಿತು. ಎಲ್ಲರೂ ವೇದಿಕೆ ನೋಡುವಾಗ ಬೆನ್ನು ತಿರುಗಿಸಿ ಕೇಳುಗರನ್ನು ನೋಡಿದ್ದೇ ಆ ಚಿತ್ರದ ಗುಟ್ಟು. ಸಂಗೀತವನ್ನು ತೆಗೆಯಲಾಗದು, ಅದು ಮನುಷ್ಯರ ಮೇಲೆ ಮಾಡಿದ ಪರಿಣಾಮವನ್ನು ತೆಗೆಯಬಹುದು.

ಆದರೆ ಒಂದು ವಿಷಯ ಯೋಚಿಸಿ. ತಮ್ಮ ಚಿತ್ರ ತೆಗೆದದ್ದು ಆ ಜೋಡಿಗೆ ಗೊತ್ತೇ ಇರಲಿಲ್ಲ. ಧ್ವನಿಮುದ್ರಿಕೆ ಕೈಗೆ ಬಂದಾಗಲೇ ತಿಳಿದದ್ದು. ಅವರು ಸಂತೋಷಪಟ್ಟರು, ಸರಿ. ಎಲ್ಲರೂ ಹಾಗೆ ಸಂತೋಷಪಡುತ್ತಾರೆಯೇ? ಗಿಟಾರಿನ ಬೆಂಕಿಯ ವಿಷಯವೂ ಇಂಥದೇ. ವಾದ್ಯಕ್ಕೆ ಕೈಮುಗಿದು ನುಡಿಸುವ ಪರಂಪರೆಯ ರವಿಶಂಕರ್ ಅವರಿಗೆ ಆ ದೃಶ್ಯ ನೋವು ತಂದಿತ್ತು. ಕ್ಯಾಮೆರಾ ಆ ಕೃತ್ಯವನ್ನು ಹೊಗಳಲಿಲ್ಲ, ತೆಗಳಲಿಲ್ಲ, ನಡೆದದ್ದನ್ನು ದಾಖಲಿಸಿತು. ಆದರೆ ಮೈಮರೆತವರು, ಅಳುತ್ತಿರುವವರು, ಮಕ್ಕಳು ಎದುರಿಗೆ ಬಂದಾಗ ತೆಗೆಯಬೇಕೆ, ತೆಗೆದದ್ದನ್ನು ಅಚ್ಚು ಹಾಕಬೇಕೆ ಎಂದು ಕೇಳಿಕೊಳ್ಳಬೇಕಾದವರು ನೀವೇ. ಸಾಧ್ಯವಾದಾಗ ಅನುಮತಿ ಕೇಳಿ. ಬೇಡವೆಂದರೆ ಅಳಿಸಿಬಿಡಿ.

ಈ ಕೆಲಸಕ್ಕೆ ವಿದೇಶಕ್ಕೇನೂ ಹೋಗಬೇಕಾಗಿಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಸಂಗೀತೋತ್ಸವ, ಹಂಪಿ ಉತ್ಸವ, ನಿಮ್ಮೂರ ಜಾತ್ರೆ, ಕಾಲೇಜಿನ ವಾರ್ಷಿಕೋತ್ಸವ ಎಲ್ಲವೂ ಪಾಠಶಾಲೆಗಳೇ. ಮುಂದಿನ ಸಲ ಹೋದಾಗ ಹೀಗೆ ಮಾಡಿ ನೋಡಿ: ಮೊಬೈಲೇ ಇರಲಿ, ಇಡೀ ಸಂಜೆಗೆ 36 ಚಿತ್ರ ಮಾತ್ರ ಎಂದು ನಿಯಮ ಹಾಕಿಕೊಳ್ಳಿ. ಅರ್ಧ ವೇದಿಕೆಗೆ, ಅರ್ಧ ಜನರಿಗೆ. ತೊಡೆಯ ಮೇಲೆ ತಾಳ ಹಾಕುವ ಅಜ್ಜನ ಕೈ, ಪರದೆಯ ಹಿಂದೆ ತಂತಿ ಬಿಗಿಯುವ ಬೆರಳು, ಮುಗಿದ ಮೇಲೆ ಜಮಖಾನೆ ಸುತ್ತುವವರು ಯಾರನ್ನೂ ಮರೆಯಬೇಡಿ. ಮನೆಗೆ ಬಂದು ಆ ಚಿತ್ರಗಳನ್ನು ಉತ್ಸವಕ್ಕೆ ಬರಲಾಗದ ಒಬ್ಬರಿಗೆ ತೋರಿಸಿ. ಅವರು "ಯಾವ ಹಾಡು ನಡೀತಿತ್ತು ಆಗ?" ಎಂದು ಕೇಳಿದರೆ ನಿಮ್ಮ ಚಿತ್ರ ಗೆದ್ದಿದೆ ಎಂದು ತಿಳಿಯಿರಿ.