ಮನೆಯ ಕಾರು ರಿಪೇರಿಗೆ ಕೈ ಹತಾರುಗಳನ್ನು ಕೊಳ್ಳುವ ಕ್ರಮ

ಪರಶುರಾಂಪುರವು ಚಳ್ಳಕೆರೆ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಸಮೀಪವಾಗಿರುವ ಹೋಬಳಿ ಕೇಂದ್ರ. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಮುಖ್ಯವಾದ ಬೆಳೆಯೆಂಬುದು ವಾಚಕರಿಗೆ ತಿಳಿದ ವಿಷಯವೇ. ಹಳೆಯ ಕಾರನ್ನೋ ಜೀಪನ್ನೋ ಇಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಅದರ ಸಣ್ಣಪುಟ್ಟ ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಹವ್ಯಾಸವು ಇಲ್ಲಿಯ ಕೆಲವರಲ್ಲಿ ಉಂಟು. ಇದು ಮೆಚ್ಚತಕ್ಕ ಅಭ್ಯಾಸ. ಆದರೆ ಹತಾರುಗಳನ್ನು ಕೊಳ್ಳುವಲ್ಲಿ ತಪ್ಪಿದರೆ ಉಳಿತಾಯಕ್ಕೆ ಬದಲಾಗಿ ನಷ್ಟವೇ ಆಗುವುದು.

ನನಗೂ ಈ ಹವ್ಯಾಸವಿದೆ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ ಥಳಥಳಿಸುವ ಹತಾರುಗಳ ಪೆಟ್ಟಿಗೆಯನ್ನು ಅಗ್ಗವಾಗಿ ಕೊಂಡೆನು. ಮುಂಗಾರು ಬಿತ್ತನೆಯ ಕಾಲದಲ್ಲಿ ಒಂದು ಹಳ್ಳಿಯಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಗೊತ್ತಾಗಿತ್ತು. ಹೊರಡುವ ಮುನ್ನ ಕಾರಿನ ಬೆಲ್ಟು ಸಡಿಲವಾಗಿರುವುದನ್ನು ಕಂಡು ಬಿಗಿಮಾಡಲು ಕುಳಿತೆನು. 13 ಮಿಲಿಮೀಟರಿನ ಸ್ಪ್ಯಾನರಿನ ಬಾಯಿ ಅಗಲವಾಗಿ, ಬೋಲ್ಟಿನ ತಲೆ ದುಂಡಾಯಿತು. ಬೆರಳ ಗೆಣ್ಣಿನ ಚರ್ಮವೂ ಕಿತ್ತುಬಂದಿತು. ಬೋಲ್ಟನ್ನು ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಹದ ಆರೀತೆಂದು ರೈತರು ಕಾಯಲಾರದೆ ಉಪಚಾರವಿಲ್ಲದ ಬೀಜವನ್ನೇ ಬಿತ್ತಿದರು. ಮುಂದೆ ಕೆಲವು ಹೊಲಗಳಲ್ಲಿ ಕತ್ತುಕೊಳೆ ರೋಗ ಕಾಣಿಸಿತು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮ ಲೇಪಿಸಿದ್ದರೆ ರೋಗವೇ ಬರುತ್ತಿರಲಿಲ್ಲವೆಂದು ಹೇಳಲಾರೆ, ಕಡಮೆಯಾಗಬಹುದಾಗಿತ್ತು. ಅಂದಿನಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುತ್ತಿದ್ದೇನೆ.

1. ದೊಡ್ಡ ಪೆಟ್ಟಿಗೆಯನ್ನು ಒಮ್ಮೆಗೇ ಕೊಳ್ಳಬಾರದು. ಬೇಕಾದುದನ್ನು ಒಂದೊಂದಾಗಿ, ಒಳ್ಳೆಯದನ್ನೇ ಕೊಳ್ಳತಕ್ಕದ್ದು. 10, 13, 17 ಮತ್ತು 19 ಮಿಲಿಮೀಟರಿನ ಸ್ಪ್ಯಾನರುಗಳು, ಎರಡು ಬಗೆಯ ಸ್ಕ್ರೂಡ್ರೈವರು, ಒಂದು ಕಟಿಂಗ್ ಪ್ಲೇಯರು: ಆರಂಭಕ್ಕೆ ಇಷ್ಟು ಸಾಕು.

2. ಒಂದು ತುದಿ ತೆರೆದ ಬಾಯಿಯೂ ಇನ್ನೊಂದು ತುದಿ ರಿಂಗೂ ಆಗಿರುವ ಸ್ಪ್ಯಾನರು ಉತ್ತಮ. ರಿಂಗು ಬೋಲ್ಟಿನ ಆರು ಮೂಲೆಗಳನ್ನೂ ಸುತ್ತಿ ಹಿಡಿಯುವುದು. ತೆರೆದ ಬಾಯಿ ಎರಡು ಪಾರ್ಶ್ವಗಳನ್ನು ಮಾತ್ರ ಹಿಡಿಯುವುದು. ಆದಕಾರಣ ಬಿಗಿಯಾದ ಬೋಲ್ಟನ್ನು ಮೊದಲು ರಿಂಗಿನಿಂದಲೇ ಸಡಿಲಿಸಬೇಕು.

3. ಅಂಗಡಿಗೆ ಹೋಗುವಾಗ ಹೊಸ ಬೋಲ್ಟೊಂದನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಸ್ಪ್ಯಾನರನ್ನು ಅದಕ್ಕೆ ತೊಡಿಸಿ ನೋಡಿದಾಗ ಅಲುಗಾಡಬಾರದು. ಹಳೆಯ ಜೀಪುಗಳಲ್ಲಿ ಅಂಗುಲದ ಅಳತೆಯ ಬೋಲ್ಟುಗಳಿರುವುದುಂಟು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು; ಅದಕ್ಕೆ 13ರ ಸ್ಪ್ಯಾನರು ಹೊಂದಿದಂತೆ ಕಂಡರೂ ಜಾರಿ ಮೂಲೆಗಳನ್ನು ಸವೆಸುವುದು.

4. ಹೊಳಪಿಗೆ ಮರುಳಾಗಬೇಡಿರಿ. ತಯಾರಕರ ಹೆಸರೂ ಅಳತೆಯೂ ಉಕ್ಕಿನಲ್ಲಿಯೇ ಸ್ಪಷ್ಟವಾಗಿ ಮೂಡಿರಬೇಕು. ಕ್ರೋಮ್ ವನೇಡಿಯಮ್ ಉಕ್ಕು ಉತ್ತಮವಾದುದು; ಆದರೆ ಆ ಮಾತನ್ನು ಯಾರು ಬೇಕಾದರೂ ಅಚ್ಚೊತ್ತಬಹುದಾದ್ದರಿಂದ ಅದೊಂದನ್ನೇ ನಂಬಲಾಗದು. ಪ್ಲೇಯರಿನ ಬಾಯಿ ಮುಚ್ಚಿ ಬೆಳಕಿಗೆ ಹಿಡಿದರೆ ಕತ್ತರಿಸುವ ಅಂಚಿನಲ್ಲಿ ಸಂದು ಕಾಣಬಾರದು. ಜಲಂಧರ, ಲೂಧಿಯಾನಗಳಲ್ಲಿ ತಯಾರಾಗುವ ಒಳ್ಳೆಯ ದೇಶೀ ಹತಾರುಗಳು ಪರದೇಶದವುಗಳಿಗಿಂತ ಸಾಮಾನ್ಯವಾಗಿ ಕಡಮೆ ಬೆಲೆಗೆ ದೊರೆಯುವುವು. ರಸೀತಿಯನ್ನು ಪಡೆಯದೆ ಬರಬಾರದು.

5. ಗುಜರಿ ಅಂಗಡಿಯ ಹಳೆಯ ಹತಾರನ್ನು ಹೀನವೆಂದು ತಳ್ಳಬೇಕಾಗಿಲ್ಲ. ಮೇಲಿನ ತುಕ್ಕನ್ನು ಉಜ್ಜಿ ತೆಗೆಯಬಹುದು. ಬಿರುಕು, ಅಗಲಿದ ಬಾಯಿ, ಸುತ್ತಿಗೆಯ ಏಟಿನ ಗುರುತು ಇದ್ದರೆ ಮಾತ್ರ ಬಿಡಬೇಕು.

6. ವರ್ಷಕ್ಕೊಮ್ಮೆ ಬೇಕಾಗುವ ಪುಲ್ಲರಿನಂಥವುಗಳನ್ನು ನಾಲ್ಕು ಮನೆಯವರು ಸೇರಿ ಕೊಳ್ಳುವುದು ಲೇಸು. ಆದರೆ ಜಾಕಿನಲ್ಲಿ ಉಳಿತಾಯವನ್ನು ನೋಡಬಾರದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿರಿ. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟೇ ಇಳಿಯಬೇಕು. ಅದು ಪ್ರಾಣದ ಮಾತು.

ಕೆಲಸ ಮುಗಿದ ಮೇಲೆ ಹತಾರುಗಳನ್ನು ಒರೆಸಿ, ತೆಳ್ಳಗೆ ಮೆಷಿನ್ ಎಣ್ಣೆ ಸವರಿಡಿರಿ. ಮನೆಯಲ್ಲಿ ಶೇಂಗಾ ಎಣ್ಣೆ ಸಮೃದ್ಧವಾಗಿದ್ದರೂ ಈ ಕೆಲಸಕ್ಕೆ ಸಲ್ಲದು; ಅದು ಕಾಲಕ್ರಮದಲ್ಲಿ ಅಂಟಾಗಿ ದೂಳನ್ನು ಹಿಡಿಯುವುದು. ಆರಿದ್ರಾ ಮಳೆಗೆ ಮುಂಚೆ ಬೀಜವನ್ನು ಪರೀಕ್ಷಿಸುವಂತೆಯೇ ಹತಾರುಗಳ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡುವವರಿಗೆ ಬಿತ್ತನೆಯ ದಿನ ನನಗಾದ ಪೇಚಾಟವು ಒದಗದು.