ವಾಲ್ವ್ ಪೆಟ್ಟಿಗೆಯ ನಾಡಿಪರೀಕ್ಷೆ

ಗುಂಡಿ ತಿರುಗಿಸಿದ ಕೂಡಲೇ ಮಾತನಾಡದೆ, ಒಳಗಿನ ಗಾಜಿನ ಬುರುಡೆಗಳು ಕಾಯುವವರೆಗೆ ಮನೆಮಂದಿಯನ್ನೆಲ್ಲ ಕಾಯಿಸುತ್ತಿದ್ದ ವಾಲ್ವ್ ರೇಡಿಯೊವನ್ನು ಹಿರಿಯರು ಮರೆತಿರಲಾರರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೂ 1960ರ ದಶಕದಲ್ಲಿ ಅಂಥ ವಾಲ್ವುಗಳು ತಯಾರಾಗುತ್ತಿದ್ದವು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜನ್ಮತಳೆದ ಟ್ರಾನ್ಸಿಸ್ಟರು ಕ್ರಮೇಣ ಅವುಗಳ ಆಳ್ವಿಕೆಯನ್ನು ಕೊನೆಗಾಣಿಸಿತು. ಆದರೆ ಒಂದೆಡೆ ವಾಲ್ವು ಇಂದಿಗೂ ಪದಚ್ಯುತವಾಗಿಲ್ಲ. ಅದು ವಿದ್ಯುತ್ ಗಿಟಾರಿನ ಧ್ವನಿವರ್ಧಕ.

ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿ ಮಾಡಿಕೊಂಡಿದ್ದ ಲಿಯೋ ಫೆಂಡರ್ 1940ರ ದಶಕದಲ್ಲಿ ಇಂಥ ವರ್ಧಕಗಳ ತಯಾರಿಕೆಗೆ ಕೈಹಾಕಿದನು. ಅವನ ‘ಬಾಸ್‌ಮನ್’ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ತನ್ನದೊಂದನ್ನು ರಚಿಸಿದನು. ಶಕ್ತಿಮೀರಿ ದುಡಿಸಿದಾಗ ವಾಲ್ವಿನ ಧ್ವನಿ ಒಮ್ಮೆಲೇ ಒಡೆಯದೆ ಮೆಲ್ಲಮೆಲ್ಲನೆ ಒರಟಾಗುತ್ತದೆ. ಆ ಒರಟುತನವೇ ಗಿಟಾರ್ ವಾದಕನ ಕಿವಿಗೆ ಇಂಪು. ಆದ್ದರಿಂದಲೇ ಅರ್ಧ ಶತಮಾನ ದಾಟಿದ ಪೆಟ್ಟಿಗೆಗಳು ಇನ್ನೂ ವೇದಿಕೆಯೇರುತ್ತಿವೆ.

ಮುಪ್ಪಿನೊಡನೆ ರೋಗವೂ ಬರುವುದು ಸಹಜ. ಪೆಟ್ಟಿಗೆ ಗುಂಯ್‌ಗುಡುತ್ತದೆ, ಚಟಚಟಿಸುತ್ತದೆ, ಕೆಲವೊಮ್ಮೆ ಮೂಕವಾಗುತ್ತದೆ. ಆಗ ಕಂಡಕಂಡ ಭಾಗಗಳನ್ನೆಲ್ಲ ಕಿತ್ತು ಹೊಸದನ್ನು ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆಯೇ ಸರಿ. ಬಲ್ಲ ವೈದ್ಯನು ಮೊದಲು ನಾಡಿ ಹಿಡಿಯುತ್ತಾನೆ. ಇಲ್ಲಿ ಸದ್ದೇ ನಾಡಿ.

ಹೊರಗಿನಿಂದ ಒಳಕ್ಕೆ

ಗಿಟಾರಿನ ತಂತಿಯನ್ನು ವರ್ಧಕದಿಂದ ಬಿಡಿಸಿದಾಗ ಸದ್ದು ನಿಂತರೆ ಪೆಟ್ಟಿಗೆಯದು ತಪ್ಪಿಲ್ಲವೆನ್ನಬಹುದು. ತಂತಿಯನ್ನೋ ಗಿಟಾರನ್ನೋ ಸಂದೇಹಿಸಬೇಕು. ಹತ್ತಿರದ ಟ್ಯೂಬ್ ಲೈಟಿನ ಸದ್ದನ್ನೂ ಗಿಟಾರು ಹಿಡಿದುಕೊಳ್ಳುವುದುಂಟು. ವಾದಕನು ಅತ್ತಿತ್ತ ತಿರುಗಿದಾಗ ಸದ್ದು ಹೆಚ್ಚುಕಡಮೆಯಾದರೆ ಅದೇ ಕಾರಣ.

ತಂತಿ ಬಿಡಿಸಿದರೂ ಸದ್ದು ನಿಲ್ಲದಿದ್ದರೆ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ಇಳಿಸಬೇಕು. ಸದ್ದು ಅಡಗಿದರೆ ರೋಗವು ಗುಂಡಿಗಿಂತ ಹಿಂದಿನ ಘಟ್ಟದಲ್ಲಿದೆ. ಅಡಗದಿದ್ದರೆ ಮುಂದಿನ ಘಟ್ಟದಲ್ಲಿದೆ. ಈ ಒಂದು ಪರೀಕ್ಷೆಯಿಂದಲೇ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಸದ್ದಿನ ಭಾಷೆ

ಗುಂಯ್‌ಕಾರದಲ್ಲಿಯೂ ಎರಡು ಬಗೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಅಮೆರಿಕದಲ್ಲಿ 60 ಸಲ. ಸದ್ದು ಈ 50ರ ಮಂದ್ರದಲ್ಲಿದ್ದರೆ ಸಡಿಲವಾದ ಭೂಸಂಪರ್ಕವನ್ನೋ, ವಾಲ್ವನ್ನು ಕಾಯಿಸುವ ತಂತಿಯನ್ನೋ ಪರೀಕ್ಷಿಸಬೇಕು. ಅದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ, 100ರಲ್ಲಿದ್ದರೆ, ಹೆಚ್ಚಾಗಿ ದೋಷವು ಪ್ರವಾಹದ ಏರಿಳಿತವನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರುಗಳದು. ಅವುಗಳೊಳಗಿನ ರಾಸಾಯನಿಕ ದ್ರವ ವರ್ಷಗಳು ಉರುಳಿದಂತೆ ಒಣಗುತ್ತದೆ. ಷಡ್ಜ ಹಿಡಿಯಬಲ್ಲ ಕಿವಿಗೆ ಈ ಅಂತರ ತಿಳಿಯದೆ ಇರದು.

ಗುಂಡಿ ತಿರುಗಿಸುವಾಗ ಮಾತ್ರ ಚರಚರ ಸದ್ದಾದರೆ ಅದು ಗುಂಡಿಯೊಳಗಿನ ಧೂಳು. ಶುದ್ಧಿಕಾರಕ ದ್ರವವೊಂದೇ ಮದ್ದು. ಮುಟ್ಟದಿದ್ದರೂ ಚಟಚಟವೆಂದರೆ ವಾಲ್ವಿನ ಕೊಳೆತುಂಬಿದ ಕಾಲುಗಳನ್ನೋ, ಹಳೆಯ ಇಂಗಾಲದ ರೆಸಿಸ್ಟರನ್ನೋ ನೋಡಬೇಕು. ಮರದ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಯಾವುದಾದರೂ ಚಿಕ್ಕ ವಾಲ್ವು ಗಂಟೆಯಂತೆ ದನಿಗೊಟ್ಟರೆ ಅದರ ಅಂಗಗಳು ಸಡಿಲಗೊಂಡಿವೆಯೆಂದು ಅರ್ಥ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ತಣಿದ ಮೇಲೆ ಅದನ್ನು ಬದಲಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದಾಯಿತೆಂಬುದೇ ತಿಳಿಯದು.

ಕಣ್ಣಿಗೂ ಇಲ್ಲಿ ಕೆಲಸವುಂಟು. ದೊಡ್ಡ ವಾಲ್ವುಗಳ ಗಾಜಿನ ಮೇಲೆ ಕಾಣುವ ಮಸುಕಾದ ನೀಲಿ ಕಾಂತಿಗೆ ಅಂಜಬೇಕಾಗಿಲ್ಲ. ಒಳಗಿನ ಬೂದುಬಣ್ಣದ ಲೋಹದ ತಗಡೇ ಕೆಂಪಗೆ ಕಾದರೆ ಮಾತ್ರ ತಕ್ಷಣ ಸ್ವಿಚ್ ಆರಿಸಬೇಕು.

ಎಲ್ಲಿ ಕೈ ತಡೆಯಬೇಕು?

ಇಷ್ಟೆಲ್ಲವೂ ಪೆಟ್ಟಿಗೆಯ ಹೊರಗೆ ನಿಂತು ಮಾಡುವ ಪರೀಕ್ಷೆ. ಒಳಗಿನ ತಂತಿಗಳ ಕಥೆಯೇ ಬೇರೆ. ಅಲ್ಲಿ ಸಾಮಾನ್ಯವಾಗಿ 300ರಿಂದ 500 ವೋಲ್ಟಿನ ಒತ್ತಡವಿರುತ್ತದೆ. ಪ್ಲಗ್ ಕಿತ್ತ ಮೇಲೆಯೂ ಕೆಪಾಸಿಟರುಗಳು ಆ ವಿದ್ಯುತ್ತನ್ನು ಬಚ್ಚಿಟ್ಟುಕೊಂಡಿರಬಲ್ಲವು. ಸತ್ತಂತೆ ಬಿದ್ದ ಹಾವು ಕಚ್ಚುವಂತೆ ಅದು ಪ್ರಾಣವನ್ನೇ ತೆಗೆದೀತು. ಅದನ್ನು ಬರಿದುಮಾಡಿ ಅಳೆದು ನೋಡಬಲ್ಲ ಕುಶಲಿಯ ಹೊರತು ಇನ್ನಾರೂ ಒಳಗೆ ಕೈಯಿಕ್ಕಲಾಗದು.

ಇನ್ನೂ ಕೆಲವು ನಿಯಮಗಳುಂಟು. ಸ್ಪೀಕರನ್ನು ಜೋಡಿಸದೆ ವಾಲ್ವ್ ವರ್ಧಕವನ್ನು ನಡೆಸಬಾರದು. ನಡೆಸಿದರೆ ಬೆಲೆಬಾಳುವ ಟ್ರಾನ್ಸ್‌ಫಾರ್ಮರು ಸುಟ್ಟೀತು. ಫ್ಯೂಸು ಹೋದರೆ ಹೆಚ್ಚಿನ ಶಕ್ತಿಯದನ್ನು ಹಾಕಬಾರದು. ಫ್ಯೂಸು ರೋಗವಲ್ಲ, ರೋಗದ ಮುನ್ಸೂಚನೆ. ಅಮೆರಿಕದ ಹಳೆಯ ಪೆಟ್ಟಿಗೆಗಳು 110–120 ವೋಲ್ಟಿಗೆ ಹೊಂದಿದವು. ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರಿಲ್ಲದೆ ಅವುಗಳನ್ನು ನಮ್ಮ 230 ವೋಲ್ಟಿಗೆ ತಗುಲಿಸುವುದೆಂದರೆ ಚಿತೆಗೇರಿಸಿದಂತೆ. ಅವುಗಳ ಎರಡು ಕಡ್ಡಿಯ ಪ್ಲಗ್ಗನ್ನು ತೆಗೆಸಿ, ಭೂಸಂಪರ್ಕವುಳ್ಳ ಮೂರು ಕಡ್ಡಿಯದನ್ನು ಹಾಕಿಸುವುದು ಪ್ರಾಣರಕ್ಷಣೆಯ ಮೊದಲ ಮೆಟ್ಟಿಲು.

ಹಳೆಯ ವರ್ಧಕವೊಂದರ ನಾದ ಅದರ ಸ್ಪೀಕರಿನಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ, ವರ್ಷಗಳಿಂದ ಒಗ್ಗಿಕೊಂಡ ಬಿಡಿಭಾಗಗಳಲ್ಲಿ ಹಂಚಿಹೋಗಿರುತ್ತದೆ. ಎಲ್ಲವನ್ನೂ ಬದಲಿಸಿದರೆ ಪೆಟ್ಟಿಗೆ ಉಳಿದೀತು, ನಾದ ಉಳಿಯದು. ಕೆಟ್ಟದ್ದೊಂದನ್ನೇ ಹುಡುಕಿ ತೆಗೆಯುವ ತಾಳ್ಮೆಯಿದ್ದವನಿಗೆ ಎರಡೂ ದಕ್ಕುತ್ತವೆ.