ಒಂದಕ್ಷರ ತಿದ್ದೋದೂ ಒಂದು ಕೆಲಸಾನಾ?

ಓಪನ್‌ಸೋರ್ಸ್ ಅಂದ ಕೂಡಲೇ ರಾತ್ರಿಯಿಡೀ ಕೋಡ್ ಬರೆಯುವವರೇ ಎಲ್ಲರ ಕಣ್ಮುಂದೆ ಬರೋದು. ನಾನು ಖಾನಾಪುರ ತಾಲ್ಲೂಕಿನ ಹಲಸಿಯವನು, ಬೆಳಗಾವಿಯಲ್ಲಿ ಸಾಫ್ಟ್‌ವೇರ್ ಕೆಲಸ. ಬಿಡುವಾದಾಗ ಇಂಥ ಪ್ರಾಜೆಕ್ಟುಗಳ ಕೈಪಿಡಿ, ಕೋಡಿನ ನಡುವಿನ ಕಮೆಂಟುಗಳಲ್ಲಿ ಕಾಗುಣಿತ ತಿದ್ದುತ್ತೇನೆ. “ಅಷ್ಟೇ ಏನ್ರೀ?” ಅಂತ ಗೆಳೆಯರು ನಗ್ತಾರೆ. ಅಷ್ಟೇ. ಆದರೆ ಆ ‘ಅಷ್ಟೇ’ಯಲ್ಲಿ ಏನೇನಿದೆ ಅಂತ ಹೇಳ್ತೀನಿ, ಕೇಳಿ.

ತಿದ್ದದೇ ಉಳಿದ ತಪ್ಪು

ಒಂದು ವೆಬ್ ಪುಟದಿಂದ ಇನ್ನೊಂದಕ್ಕೆ ಹೋದಾಗ ‘ಇವರು ಇಂಥಲ್ಲಿಂದ ಬಂದರು’ ಎಂದು ಬ್ರೌಸರ್ ತಿಳಿಸುತ್ತದೆ. ಆ ಹೆಡರಿನ ಹೆಸರು ‘ರೆಫರರ್’. ಇಂಗ್ಲಿಷಿನಲ್ಲಿ ಅದರ ನಡುವೆ ಎರಡು ‘ಆರ್’ ಬೇಕು, ಇರೋದು ಒಂದೇ. 1996ರಲ್ಲಿ ಎಚ್‌ಟಿಟಿಪಿಯ ಮೊದಲ ದಾಖಲೆ ಹೊರಬಂದಾಗಲೂ ಹಾಗೇ ಉಳಿಯಿತು. ಅಷ್ಟು ಹೊತ್ತಿಗೆ ಎಲ್ಲರೂ ಅದನ್ನೇ ಬಳಸುತ್ತಿದ್ದರು. ತಿದ್ದಿದರೆ ನಡೆಯುತ್ತಿದ್ದದ್ದೂ ನಿಲ್ಲುತ್ತಿತ್ತು. ಮುಂದೆ ಬಂದ ‘ರೆಫರರ್ ಪಾಲಿಸಿ’ ಹೆಡರಿನಲ್ಲಿ ಮಾತ್ರ ಕಾಗುಣಿತ ಸರಿಯಾಗಿದೆ. ಹೀಗಾಗಿ ವೆಬ್ ಕೆಲಸ ಮಾಡುವವರು ಇವತ್ತಿಗೂ ಒಂದೇ ಪದವನ್ನು ಎರಡು ಥರ ನೆನಪಿಡಬೇಕು. ಹೊತ್ತಿಗೆ ಸರಿಯಾಗಿ ತಿದ್ದದ ಒಂದಕ್ಷರದ ಬೆಲೆ ಇದು.

ಹುಡುಕಿದರೂ ಸಿಗದು

ಕಮೆಂಟಿನ ತಪ್ಪಿನಿಂದ ಪ್ರೋಗ್ರಾಮ್ ಕೆಡುವುದಿಲ್ಲ, ನಿಜ. ಕೆಡುವುದು ಹುಡುಕಾಟ. ಸಾವಿರಾರು ಫೈಲುಗಳ ನಡುವೆ ಒಂದು ಪದ ಹುಡುಕುವವನಿಗೆ, ಅಕ್ಷರ ತಪ್ಪಿದ್ದರೆ ಆ ಸಾಲು ಸಿಗುವುದೇ ಇಲ್ಲ. ಲಿನಕ್ಸ್ ಕರ್ನೆಲ್‌ನವರಿಗೆ ಇದು ಚೆನ್ನಾಗಿ ಗೊತ್ತು. ಅವರ ಹಳೆಯ ನಿಯಮಾವಳಿಯಲ್ಲಿ ಕೈಪಿಡಿಯ ಕಾಗುಣಿತ ಮತ್ತು ಹುಡುಕಾಟ ಕೆಡಿಸುವ ತಪ್ಪುಗಳನ್ನು ತಿದ್ದುವುದಕ್ಕೆ ಬೇರೆಯೇ ದಾರಿ ಇತ್ತು. 2011ರಲ್ಲಿ ‘ಕೋಡ್‌ಸ್ಪೆಲ್’ ಎಂಬ ಉಪಕರಣದಿಂದ ಸಾಮಾನ್ಯ ತಪ್ಪುಗಳನ್ನೆಲ್ಲ ಹೆಕ್ಕಿ, ಮನುಷ್ಯರೇ ಕಣ್ಣಾಡಿಸಿ, ಒಂದೇ ಸಲಕ್ಕೆ ತಿದ್ದಿದರು. ಪದೇ ಪದೇ ಆಗುವ ತಪ್ಪುಗಳ ಪಟ್ಟಿಯೊಂದು ಈಗ ಕರ್ನೆಲ್ ಜೊತೆಗೇ ಇದೆ.

ಇನ್ನೊಂದು ಮಾತು. ಕೈಪಿಡಿಯ ಆದೇಶದಲ್ಲೇ ಅಕ್ಷರ ತಪ್ಪಿದ್ದರೆ ಹೊಸಬರು ಅದನ್ನೇ ಟೈಪ್ ಮಾಡುತ್ತಾರೆ. ಕೆಲಸ ಮಾಡಲ್ಲ. ತಪ್ಪು ನಮ್ಮದೇ ಅಂದುಕೊಂಡು ಸುಮ್ಮನೆ ಎದ್ದುಹೋಗುತ್ತಾರೆ. ನನಗೆ ಅಂಥವರದ್ದೇ ಚಿಂತೆ.

ಎಲ್ಲವೂ ತಪ್ಪಲ್ಲ

ತಿದ್ದುವ ಕೈಗೆ ತಡೆಯೂ ಬೇಕು. ನಮ್ಮೂರನ್ನೇ ನೋಡಿ. ಕನ್ನಡದಲ್ಲಿ ಹಲಸಿ, ಮರಾಠಿಯಲ್ಲಿ ಹಲಶಿ. ಕದಂಬರ ತಾಮ್ರಪಟಗಳಲ್ಲಿ ಪಲಾಶಿಕಾ. ‘ಪಾಲು’ ಹೋಗಿ ‘ಹಾಲು’ ಆದ ಹಾಗೆ ಮೊದಲಿನ ‘ಪ’ ‘ಹ’ ಆಗಿದೆ. ಯಾವುದನ್ನು ತಪ್ಪು ಅನ್ನೋದು? ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದ ಹೆಸರು, ಮರಾಠಿ ಹೆಸರು, ಹಳೆಯ ಹೆಸರು ಒಂದೊಂದಕ್ಕೂ ಬೇರೆ ಬೇರೆ ಜಾಗ ಇದೆ. ಒಬ್ಬರದ್ದನ್ನು ಅಳಿಸಿ ಇನ್ನೊಬ್ಬರದ್ದನ್ನು ಬರೆಯಬೇಕಿಲ್ಲ. ಗಡಿ ಭಾಗದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕೋಡಿನಲ್ಲೂ ಹಾಗೇ. ಬ್ರಿಟಿಷ್ ಕಾಗುಣಿತವನ್ನು ಅಮೆರಿಕನ್‌ಗೆ ಬದಲಿಸೋದು ತಿದ್ದುಪಡಿ ಅಲ್ಲ. ವೇರಿಯಬಲ್ ಹೆಸರು ತಪ್ಪಿದೆ ಅಂತ ಕೇಳದೇ ಕೈ ಹಾಕಿದರೆ ಅದನ್ನು ನಂಬಿದ ಬೇರೆ ಪ್ರೋಗ್ರಾಮುಗಳು ನಿಂತುಹೋದಾವು.

ಶುರು ಮಾಡೋದು ಹೇಗೆ?

ನೀವು ದಿನಾ ಬಳಸುವ ಪ್ರಾಜೆಕ್ಟನ್ನೇ ಆರಿಸಿಕೊಳ್ಳಿ. ಕೊಡುಗೆ ನೀಡುವವರಿಗೆ ಅವರು ಬರೆದಿಟ್ಟ ಸೂಚನೆ ಮೊದಲು ಓದಿ. ಸಿಕ್ಕ ತಪ್ಪುಗಳನ್ನೆಲ್ಲ ಸೇರಿಸಿ ಒಂದೇ ಸಲ ಕಳಿಸಿ. ಯಾಕಂದ್ರೆ ಪ್ರತಿಯೊಂದನ್ನೂ ಯಾರೋ ಒಬ್ಬರು, ಬಹಳ ಸಲ ಸಂಬಳವಿಲ್ಲದೆ, ಕೂತು ಓದಬೇಕು. 2020ರ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ಟೀ ಶರ್ಟಿನ ಆಸೆಗೆ ಜನ ಅರ್ಥವಿಲ್ಲದ ಬದಲಾವಣೆಗಳನ್ನು ಸುರಿದರು. ನೋಡಿಕೊಳ್ಳುವವರು ರೋಸಿಹೋಗಿ, ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ನಿಯಮವನ್ನೇ ಬದಲಿಸಬೇಕಾಯಿತು. ರೆಸ್ಯುಮೆಗಾಗಿ ತಿದ್ದಬೇಡಿ, ಮುಂದೆ ಓದುವವರಿಗಾಗಿ ತಿದ್ದಿ.

ಇಂಗ್ಲಿಷ್ ಬೇಡ ಅನ್ನಿಸಿದರೆ ಕನ್ನಡದಲ್ಲೇ ಬೇಕಾದಷ್ಟಿದೆ. ಕನ್ನಡ ವಿಕಿಪೀಡಿಯ, ವಿಕಿಸೋರ್ಸ್ ಎರಡರಲ್ಲೂ ಅಲ್ಪಪ್ರಾಣ, ಮಹಾಪ್ರಾಣ ನೋಡಿಕೊಳ್ಳುವ ಕಣ್ಣು ಯಾವಾಗಲೂ ಬೇಕು. ಮೊಬೈಲ್ ಸಾಕು, ಬಸ್ಸಿನಲ್ಲಿ ಕೂತೇ ಮಾಡಬಹುದು.